ಸೆಕೆಂಡ್ ಇಲೆವೆನ್, ಇಂಗ್ಲೆಂಡಿನ ಕ್ಲಬ್ ಕ್ರಿಕೆಟ್‌ನಲ್ಲಿ

ಹವ್ಯಾಸಿ ಕ್ರಿಕೆಟ್ ಕ್ಲಬ್ಬಿನ ಎರಡನೇ ತಂಡ. ಮೊದಲ ತಂಡದ ಬಾಗಿಲು ತಟ್ಟುತ್ತಿರುವ ಹದಿಹರೆಯದವರೂ ಅಲ್ಲಿಂದ ಇಳಿದುಬಂದ ಹಿರಿಯರೂ ಇದರಲ್ಲಿ ಜೊತೆಯಾಗಿ ಆಡುತ್ತಾರೆ. ಇಂಗ್ಲೆಂಡಿನಲ್ಲಿ ಕ್ಲಬ್ ಲೀಗ್‌ಗಳು ಹಳೆಯವು: ಬರ್ಮಿಂಗ್‌ಹ್ಯಾಮ್ ಲೀಗ್ 1888ರಲ್ಲಿ, ಲ್ಯಾಂಕಾಷೈರ್ ಲೀಗ್ 1892ರಲ್ಲಿ ಆರಂಭವಾದವು. ಋತು ಏಪ್ರಿಲ್ ಕೊನೆ ಅಥವಾ ಮೇ ಆರಂಭದಿಂದ ಸೆಪ್ಟೆಂಬರ್‌ವರೆಗೆ. ಪಂದ್ಯಗಳು ಹೆಚ್ಚಾಗಿ ಶನಿವಾರ ಮಧ್ಯಾಹ್ನ, ಒಂದೇ ದಿನದಲ್ಲಿ ಮುಗಿಯುವಂಥವು.

ಅನೇಕ ಕ್ಲಬ್‌ಗಳಿಗೆ ಇರುವುದು ಒಂದೇ ಮೈದಾನ. ಹಾಗಾಗಿ ಹಲವು ಲೀಗ್‌ಗಳಲ್ಲಿ ಮೊದಲ ತಂಡ ತವರಿನಲ್ಲಿ ಆಡುವ ದಿನ ಎರಡನೆಯದು ಅದೇ ಎದುರಾಳಿಯ ಊರಿಗೆ ಹೋಗುತ್ತದೆ. ನಿಯೋಜಿತ ಅಂಪೈರ್ ಸಿಗದ ಕಡೆ ಬ್ಯಾಟಿಂಗ್ ತಂಡದವರೇ ಸರದಿಯಂತೆ ಬಿಳಿ ಕೋಟು ತೊಡಬೇಕು. ಸ್ವಂತ ನಾಯಕನಿಗೆ ಎಲ್‌ಬಿಡಬ್ಲ್ಯು ಕೊಡಲು ಎದೆಗಾರಿಕೆ ಬೇಕು.

ಈ ತಂಡದ ನಾಯಕತ್ವ ಬಹುಶಃ ಕ್ಲಬ್ಬಿನ ಅತಿ ಕಷ್ಟದ ಹುದ್ದೆ. ಶುಕ್ರವಾರ ರಾತ್ರಿ ಮೊದಲ ತಂಡದವನೊಬ್ಬ ಬರಲಾರೆನೆಂದರೆ ಎರಡನೇ ತಂಡದ ಉತ್ತಮ ಆಟಗಾರ ಮೇಲಕ್ಕೆ ಹೋಗುತ್ತಾನೆ. ಆ ಖಾಲಿ ಜಾಗಕ್ಕೆ ಮೂರನೇ ತಂಡದಿಂದ ಒಬ್ಬನನ್ನು ಎಳೆದು ತರಬೇಕು. ಬೇಸಿಗೆ ರಜೆಯ ಆಗಸ್ಟ್‌ನಲ್ಲಿ ಹನ್ನೊಂದು ಜನರನ್ನು ಕೂಡಿಸುವುದೇ ಸಾಹಸ. ಬಡ್ತಿ, ಹಿಂಬಡ್ತಿಯ ಲೆಕ್ಕ ಬಿಗಿಯಾದಾಗ ಮೊದಲ ತಂಡದ ಪ್ರಬಲರನ್ನು ಕೆಳಗಿಳಿಸಿ ಗೆಲ್ಲುವ ಆಸೆ ಹುಟ್ಟುತ್ತದೆ. ಅದನ್ನು ತಡೆಯಲು ಕೆಲವು ಲೀಗ್‌ಗಳು ಋತುವಿನ ಕೊನೆಯ ಪಂದ್ಯಗಳಲ್ಲಿ ಯಾರು ಆಡಬಹುದೆಂಬುದಕ್ಕೆ ಮಿತಿ ಹಾಕುತ್ತವೆ.