ಶಸ್ತ್ರಚಿಕಿತ್ಸೆಯ ಸಾಮಗ್ರಿಗಳು ಮತ್ತು ಪರಿಸರ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾನು ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಗ, ಹಸಿರು ಬಟ್ಟೆಯ ಗೌನು ಮತ್ತು ಹೊದಿಕೆಗಳನ್ನು ಒಗೆದು, ಆಟೋಕ್ಲೇವಿನ ಹಬೆಯಲ್ಲಿ ಶುದ್ಧಗೊಳಿಸಿ, ಉಕ್ಕಿನ ಡ್ರಮ್ಮುಗಳಲ್ಲಿ ಮರಳಿ ತರುತ್ತಿದ್ದರು. ಇಂಗ್ಲೆಂಡಿಗೆ ಬಂದ ಮೇಲೆ ಅವೇ ವಸ್ತುಗಳು ಪ್ಲಾಸ್ಟಿಕ್ ಪೊಟ್ಟಣದಿಂದ ಹೊರಬಂದು, ಒಂದೆರಡು ಗಂಟೆಗಳಲ್ಲಿ ಕಸದ ಚೀಲ ಸೇರುವುದನ್ನು ಕಂಡೆ. ಮೊದಲನೆಯದು ಬಡತನ, ಎರಡನೆಯದು ಸುರಕ್ಷತೆ ಎಂದು ಬಹುಕಾಲ ನಂಬಿದ್ದೆ. ಆ ನಂಬಿಕೆ ಪೂರ್ತಿ ನಿಜವಲ್ಲ.

ನಮ್ಮ ಕಣ್ಣಿಗೆ ಬೀಳುವುದು ಕಸ. ಆದರೆ ಪರಿಸರದ ಮೇಲಿನ ಹೊರೆಯ ದೊಡ್ಡ ಪಾಲು ಹುಟ್ಟುವುದು ಆ ವಸ್ತುವಿನ ತಯಾರಿಕೆಯಲ್ಲಿ. ಇಂಗ್ಲೆಂಡಿನ ಐದು ಸಾಮಾನ್ಯ ಶಸ್ತ್ರಚಿಕಿತ್ಸೆಗಳ ಸಾಮಗ್ರಿಗಳನ್ನು ಅಳೆದ ಅಧ್ಯಯನದಲ್ಲಿ, ಇಂಗಾಲದ ಹೊರೆಯ ಸುಮಾರು ಮೂರನೇ ಎರಡು ಭಾಗ ಒಮ್ಮೆ ಬಳಸಿ ಎಸೆಯುವ ವಸ್ತುಗಳದ್ದಾಗಿತ್ತು. ಉದರದರ್ಶಕದ ಮೂಲಕ ಪಿತ್ತಕೋಶ ತೆಗೆಯುವಾಗ, ಬಹುಭಾಗವನ್ನು ತೊಳೆದು ಮರುಬಳಸಿ ಕೆಲವು ಬಿಡಿಭಾಗಗಳನ್ನು ಮಾತ್ರ ಬದಲಿಸುವ ಉಪಕರಣಗಳನ್ನು ಬಳಸಿದರೆ, ಆ ಉಪಕರಣಗಳ ಹೊರೆ ಸುಮಾರು ಮುಕ್ಕಾಲು ಭಾಗ ತಗ್ಗುತ್ತದೆ.

ಮರುಬಳಕೆಗೂ ನೀರು, ವಿದ್ಯುತ್ ಬೇಕು. ಕಲ್ಲಿದ್ದಲಿನ ವಿದ್ಯುತ್ತನ್ನೇ ಹೆಚ್ಚಾಗಿ ನೆಚ್ಚಿದ್ದ ಮೆಲ್ಬರ್ನಿನಲ್ಲಿ, ಅರಿವಳಿಕೆಯ ಉಪಕರಣಗಳನ್ನು ತೊಳೆದು ಬಳಸಿದಾಗ ಹಣ ಉಳಿದರೂ ಇಂಗಾಲದ ಹೊರೆ ತುಸು ಹೆಚ್ಚಿತು. ಬ್ರಿಟನ್ನಿನ ವಿದ್ಯುತ್ ಮೂಲಗಳನ್ನಿಟ್ಟು ಲೆಕ್ಕ ಹಾಕಿದರೆ ಅದೇ ಕ್ರಮದಿಂದ ಹೊರೆ ಬಹಳಷ್ಟು ಇಳಿಯುತ್ತದೆ. ಹೀಗಾಗಿ ಎಲ್ಲ ಊರಿಗೂ ಒಂದೇ ಉತ್ತರವಿಲ್ಲ.

ಇನ್ನು ಸೋಂಕಿನ ಪ್ರಶ್ನೆ. ರೋಗಿಯ ಸುರಕ್ಷತೆಯನ್ನು ಒತ್ತೆಯಿಟ್ಟು ಪರಿಸರ ಉಳಿಸಲು ಯಾವ ವೈದ್ಯರೂ ಒಪ್ಪಲಾರರು, ಒಪ್ಪಲೂಬಾರದು. ಆದರೆ ಎಸೆಯುವುದೇ ಸುರಕ್ಷತೆಯಲ್ಲ. 2001ರಲ್ಲಿ ಪ್ರಿಯಾನ್ ರೋಗದ ಭಯದಿಂದ ಇಂಗ್ಲೆಂಡಿನಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಒಮ್ಮೆ ಬಳಸುವ ಉಪಕರಣಗಳನ್ನು ಕಡ್ಡಾಯಗೊಳಿಸಲಾಯಿತು. ರಕ್ತಸ್ರಾವದ ತೊಂದರೆಗಳು ವರದಿಯಾದ್ದರಿಂದ ಅದೇ ವರ್ಷದ ಕೊನೆಗೆ ಹಳೆಯ ಉಪಕರಣಗಳಿಗೆ ಮರಳಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯೂ, ಸೋಂಕು ತಡೆಯಲು ಕ್ರಿಮಿಶುದ್ಧ ಬಟ್ಟೆಯ ಗೌನು, ಎಸೆಯುವ ಗೌನು ಇವೆರಡರಲ್ಲಿ ಯಾವುದನ್ನಾದರೂ ಬಳಸಬಹುದೆನ್ನುತ್ತದೆ.

ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆ ಇದಕ್ಕೆ ಜೀವಂತ ನಿದರ್ಶನ. ಅಲ್ಲಿನ ಒಂದು ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ಇಂಗಾಲದ ಹೊರೆ ಸುಮಾರು 6 ಕಿಲೋಗ್ರಾಂ. ಬ್ರಿಟನ್ನಿನಲ್ಲಿ ಅಳೆದದ್ದರ ಸುಮಾರು ಇಪ್ಪತ್ತನೇ ಒಂದು ಭಾಗ. ಸೋಂಕಿನ ಪ್ರಮಾಣವೂ ಅತ್ಯಲ್ಪ. ಕಣ್ಣಿಗೆ ಒಪ್ಪುವ ಕ್ರಮವೆಲ್ಲ ಕರುಳಿನ ಶಸ್ತ್ರಚಿಕಿತ್ಸೆಗೆ ಒಪ್ಪದು. ಸೂಜಿ, ಬ್ಲೇಡುಗಳನ್ನು ಎಸೆಯಲೇಬೇಕು. ಆದರೆ ಅಲ್ಲಿನ ಮಿತವ್ಯಯ ನಿರ್ಲಕ್ಷ್ಯವಲ್ಲ, ಶಿಸ್ತು.

ಎಲ್ಲಕ್ಕಿಂತ ಸುಲಭದ ಹೆಜ್ಜೆ, ಬೇಡದ್ದನ್ನು ಬಿಚ್ಚದಿರುವುದು. ಕ್ರಿಮಿಶುದ್ಧ ಪೊಟ್ಟಣವನ್ನು ಬಿಚ್ಚಿದರೆ ಒಳಗಿನದನ್ನು ಮುಟ್ಟದಿದ್ದರೂ ಅದು ವ್ಯರ್ಥ. ಪ್ರತಿ ಶಸ್ತ್ರವೈದ್ಯರಿಗೂ ಮೊದಲೇ ಬಿಚ್ಚಿಡಬೇಕಾದ ಸಾಮಗ್ರಿಗಳ ಪಟ್ಟಿಯೊಂದಿರುತ್ತದೆ. ವರ್ಷಗಳ ಹಿಂದೆ ನಾನೇ ಬರೆಸಿದ್ದ ಪಟ್ಟಿಯನ್ನು ನರ್ಸ್ ಒಬ್ಬರು ಮುಂದಿಟ್ಟು, ಇವುಗಳಲ್ಲಿ ನೀವು ಎಂದೂ ಮುಟ್ಟದವು ಎಷ್ಟಿವೆ ನೋಡಿ ಎಂದಾಗ ನಾಚಿಕೆಯಾಯಿತು. ಈಗ ಅವು ಕೈಗೆಟಕುವಂತೆ ಕೊಠಡಿಯಲ್ಲೇ ಇರುತ್ತವೆ, ಆದರೆ ಪೊಟ್ಟಣ ಬಿಚ್ಚದೆ. ತುರ್ತು ಬಂದಾಗ ಬಿಚ್ಚಲು ಕೆಲವು ಕ್ಷಣಗಳು ಸಾಕು.