ಕಾಫಿಯ ಎಚ್ಚರವೂ ಮಿದುಳಿನ ಬಿರುಕೂ

ವಸ್ತಾರೆ, ಮೂಡಿಗೆರೆ, ಕಳಸಗಳ ಮಲೆಗಳಿಗೆ ಕಾಫಿ ಬಂದ ಬಗೆ ಶ್ರೋತೃಗಳಲ್ಲಿ ಬಹುಮಂದಿಗೆ ತಿಳಿದದ್ದೇ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಫಕೀರರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಆ ಬೀಜದ ಕಷಾಯವನ್ನು ಕುಡಿದವನಿಗೆ ನಿದ್ದೆ ಏಕೆ ದೂರವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಮುನ್ನೂರು ವರ್ಷಗಳಷ್ಟು ಕಾಲ ಹಿಡಿಯಿತು. ಉತ್ತರದ ಅರ್ಧಭಾಗ ಬೀಜದಲ್ಲಿದ್ದರೆ ಉಳಿದರ್ಧ ಕುಡಿಯುವವನ ತಲೆಯೊಳಗೆ ಅಡಗಿತ್ತು.

ಬೀಜದ ಪಾಲು ಮೊದಲು ತಿಳಿಯಿತು. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆಯು, ಕವಿ ಗಯಟೆ ಕೊಟ್ಟ ಬೀಜಗಳಿಂದ ಕೆಫೀನನ್ನು ಬೇರ್ಪಡಿಸಿದನು. ಮಿದುಳಿನ ಪಾಲು ಅಷ್ಟು ಸುಲಭವಾಗಿರಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಗ್ರಹಾಲಯದಲ್ಲಿ ಮನುಷ್ಯನ ಮಿದುಳನ್ನು ಯಾರು ಬೇಕಾದರೂ ಕಾಣಬಹುದು. ಸುಮಾರು 1,400 ಗ್ರಾಂ ತೂಕದ, ಮಡಿಕೆ ಮಡಿಕೆಯಾದ ಒಂದು ಮುದ್ದೆ. ಏಣಿಯ ಮೇಲೆ ನಿಂತು ಮೆಣಸು ಕೊಯ್ಯುವ ಆಳನ್ನು ನೆನೆಯಿರಿ. ಹಣ್ಣಾದ ಗೊಂಚಲನ್ನು ಗುರುತಿಸಿ ಕೈಚಾಚಲು ಆಜ್ಞೆ ಕೊಡುವುದು ಮೇಲಿನ ದೊಡ್ಡ ಭಾಗವಾದ ಮಹಾಮಸ್ತಿಷ್ಕ. ಅವನು ಉರುಳಿ ಬೀಳದಂತೆ ಮೈಯ ಹದವನ್ನು ಕಾಯುವುದು ಹಿಂಬದಿಯ ಅನುಮಸ್ತಿಷ್ಕ. ಅವನ ಗಮನವಿಲ್ಲದೆಯೇ ಉಸಿರಾಟವನ್ನು ನಡೆಯಿಸುವುದು ಬುಡದ ಮಿದುಳುಕಾಂಡ. ಇಷ್ಟನ್ನು ಗಾಯ, ರೋಗ, ಶವಪರೀಕ್ಷೆಗಳಿಂದ ವೈದ್ಯರು ಹೇಗೋ ಅರಿತರು. ಆದರೆ ಒಳಗಿನ ನರಕಣಗಳನ್ನು ಕಾಣುವುದೆಂತು? ಅವು ಸುಮಾರು 8,600 ಕೋಟಿ. ಅವುಗಳಿಗೆ ಆಧಾರವಾಗಿ, ಪೋಷಕವಾಗಿ ಇರುವ ಬೇರೆ ಕಣಗಳು ಹೆಚ್ಚುಕಡಮೆ ಅಷ್ಟೇ. ಸೂಕ್ಷ್ಮದರ್ಶಕದಡಿ ಎಲ್ಲವೂ ಒಂದರೊಳಗೊಂದು ಹೆಣೆದ ಪೊದೆಯಂತೆ ತೋರುತ್ತಿದ್ದುವು.

ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಆಸ್ಪತ್ರೆಯೊಂದರ ಅಡುಗೆಮನೆಯನ್ನೇ ಪ್ರಯೋಗಶಾಲೆಯಾಗಿಸಿಕೊಂಡು, 1873ರಲ್ಲಿ ಬೆಳ್ಳಿಯ ಲವಣದಿಂದ ಮಿದುಳಿನ ತುಣುಕಿಗೆ ಬಣ್ಣ ಕಟ್ಟುವ ಉಪಾಯವನ್ನು ಕಂಡುಹಿಡಿದನು. ಅದರ ಸೊಗಸೆಂದರೆ, ನೂರಾರು ಕಣಗಳ ನಡುವೆ ಕೆಲವು ಮಾತ್ರ, ಆದರೆ ಬೇರಿನಿಂದ ತುದಿಯವರೆಗೆ, ಕಪ್ಪಾಗುತ್ತಿದ್ದುವು. ಸುದ್ದಿಯನ್ನು ಬರಮಾಡಿಕೊಳ್ಳುವ ಕವಲುಗಳು, ನಡುವೆ ಕಣದ ಒಡಲು, ಸುದ್ದಿಯನ್ನು ಮುಂದಕ್ಕೊಯ್ಯುವ ಒಂದು ನೀಳ ತಂತು: ನರಕಣದ ರೂಪ ಸ್ಪಷ್ಟವಾಯಿತು. ಅದೇ ಉಪಾಯವನ್ನು ಸ್ಪೇನಿನ ರಮೋನ್ ಈ ಕಹಾಲ್ ತಿದ್ದಿ ಬಳಸಿ, ಒಂದು ಕಣದ ತಂತು ಇನ್ನೊಂದನ್ನು ಸಮೀಪಿಸಿದರೂ ಅದರೊಡನೆ ಬೆರೆತುಹೋಗುವುದಿಲ್ಲವೆಂದು 1888ರಿಂದ ವಾದಿಸತೊಡಗಿದನು. ಗಾಲ್ಜಿಯಾದರೋ ಎಲ್ಲವೂ ಒಂದೇ ಅವಿಚ್ಛಿನ್ನ ಬಲೆಯೆಂಬ ಮತವನ್ನು ಬಿಡಲಿಲ್ಲ. 1906ರ ನೊಬೆಲ್ ಬಹುಮಾನವು ಇಬ್ಬರಿಗೂ ಕೂಡಿ ಬಂದಾಗ, ಆ ಸಭೆಯ ಉಪನ್ಯಾಸದಲ್ಲಿಯೇ ಅವನು ಜೊತೆಗಾರನ ಸಿದ್ಧಾಂತವನ್ನು ಖಂಡಿಸಿದನಂತೆ! ಕೆಲವು ಕಡೆ ಕಣಗಳು ನೇರವಾಗಿ ಕೂಡಿರುವುದೂ ಉಂಟು. ಆದರೂ ಬಹುಮಟ್ಟಿಗೆ ಗೆದ್ದವನು ಕಹಾಲ್. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಬಿರುಕನ್ನೇ ತೋರಿಸಿತು. ಅದರ ಅಗಲ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಭಾಗದಷ್ಟು.

ಬಿರುಕಿದ್ದರೆ ಸುದ್ದಿ ದಾಟುವುದು ಹೇಗೆ? 1921ರಲ್ಲಿ ಆಟ್ಟೊ ಲೋವಿ ಕಪ್ಪೆಯ ಹೃದಯವೊಂದರ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿದನು. ಅದರ ಸುತ್ತಲಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಯಿಸಿದಾಗ ಅದೂ ನಿಧಾನವಾಯಿತು. ನರವು ರಸದ್ರವ್ಯದ ಮೂಲಕ ಮಾತನಾಡುತ್ತದೆಂದಾಯಿತು. ಮಿದುಳಿನಲ್ಲಿಯೂ ತಂತುವಿನುದ್ದಕ್ಕೂ ವಿದ್ಯುತ್ತಾಗಿ ಬಂದ ಸುದ್ದಿ, ಬಿರುಕಿನಲ್ಲಿ ಸಾಮಾನ್ಯವಾಗಿ ರಸವಾಗಿ ಇಳಿದು ಆಚೆಯ ದಡವನ್ನು ಮುಟ್ಟುತ್ತದೆ.

ಈಗ ಕಾಫಿಗೆ ಬರೋಣ. ಎಚ್ಚರವಾಗಿದ್ದು ದುಡಿದಂತೆಲ್ಲ ಮಿದುಳಿನಲ್ಲಿ ಅಡಿನೊಸಿನ್ ಎಂಬ ದ್ರವ್ಯ ಕೂಡುತ್ತ ಹೋಗುತ್ತದೆ. ಅದು ನರಕಣಗಳ ಮೇಲೆ ತನಗಾಗಿರುವ ನೆಲೆಗಳಲ್ಲಿ ಕುಳಿತು ಅವುಗಳ ಚಟುವಟಿಕೆಯನ್ನು ತಗ್ಗಿಸುತ್ತದೆ, ಅದೇ ತೂಕಡಿಕೆ. ಕೆಫೀನಿನ ಆಕಾರ ಅಡಿನೊಸಿನ್ನಿನದನ್ನು ಹೋಲುವುದರಿಂದ, ಪಂಕ್ತಿಯಲ್ಲಿ ಪರರ ಎಲೆಯ ಮುಂದೆ ಬಂದು ಕುಳಿತು, ತಾನೂ ಉಣ್ಣದೆ ಜಾಗವನ್ನೂ ಬಿಡದ ಅತಿಥಿಯಂತೆ ಅದು ವರ್ತಿಸುತ್ತದೆ. ಇದು 1970ರ ಬಳಿಕವೇ ಸ್ಥಿರಪಟ್ಟ ವಿಷಯ. ಕಾಫಿಯು ಶಕ್ತಿಯನ್ನು ಕೊಡುತ್ತದೆಂಬ ನಮ್ಮ ಮಾತು ಆದಕಾರಣ ಸರಿಯಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಲೋಟದ ಮೇಲೆ ಲೋಟ ಬರಿದುಮಾಡುವ ವಿದ್ಯಾರ್ಥಿಯ ದಣಿವು ಎಲ್ಲಿಗೂ ಹೋಗಿರುವುದಿಲ್ಲ, ಬಾಗಿಲ ಹೊರಗೆ ಕಾದು ನಿಂತಿರುತ್ತದೆ. ಕೆಫೀನಿನ ಅರ್ಧಭಾಗ ಮೈಯಿಂದ ಕಳೆಯುವುದಕ್ಕೆ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದುದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಉಳಿದಿರುತ್ತದೆ. ನಮ್ಮ ತೋಟಗಳ ಎರಡು ಜಾತಿಗಳಲ್ಲಿ ರೊಬಸ್ಟಾ ಬೀಜಕ್ಕೆ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನು.