ಊರಿನ ಬೆಳೆ, ಊರಿನ ಕಾಯಿಲೆ

"ಆ ಊರಿನ ನೀರು ಮೈಗೆ ಒಗ್ಗಲಿಲ್ಲ" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಮಾಜ ಪಾಠ ಹೇಳುವ ನಾವು ಮಾತ್ರ ನಕಾಶೆಯಲ್ಲಿ ಜಿಲ್ಲೆಗೊಂದು ಬೆಳೆ ಗುರುತಿಸಿ ಸುಮ್ಮನಾಗುತ್ತೇವೆ. ಬೆಳೆಯ ಪಕ್ಕದಲ್ಲಿ ಬೆಳೆಯುವವರ ಕಾಯಿಲೆಯನ್ನೂ ಬರೆದರೆ ಹೇಗೆ? ಜೆ.ಪಿ. ನಗರದ ನಮ್ಮ ಮನೆಗಳ ತಾಂಬೂಲದ ಅಡಿಕೆ, ಸಾರಿನ ಟೊಮೇಟೊ, ಪಾಯಸದ ಗೋಡಂಬಿ, ಈ ಮೂರನ್ನೇ ಹಿಡಿದು ನೋಡೋಣ.

ಅಡಿಕೆ ಮಲೆನಾಡಿನದು. 1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಹಿಂದೆಯೇ ಸುತ್ತಲಿನ ಹಳ್ಳಿಗರು ವಿಪರೀತ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಹೊಸ ವೈರಾಣುವೆಂದೂ ಕಾಡಿನ ಉಣ್ಣೆಗಳ ಕಡಿತದಿಂದ ಹರಡುತ್ತದೆಂದೂ ಕಂಡುಹಿಡಿದರು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ, ಎಲ್ಲಕ್ಕೂ ಅಲ್ಲಿ ಕಾಡೇ ಗತಿ. ತರಗೆಲೆ ಗುಡಿಸುವ ಕಾಲವೂ ಉಣ್ಣೆ ಹೆಚ್ಚುವ ಕಾಲವೂ ಒಂದೇ. ಬಹುಕಾಲ ಕೊಟ್ಟ ಲಸಿಕೆಯನ್ನು ಫಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಕಾಡಿಗೆ ಹೋಗುವುದನ್ನು ನಿಲ್ಲಿಸಲು ಯಾರಿಂದಾದೀತು?

ಟೊಮೇಟೊ ಕೋಲಾರದ್ದು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಆ ಸೀಮೆಯನ್ನು ಕೆರೆಗಳು ಸಾಕಿದ್ದವು. ಕೆರೆಗಳಲ್ಲಿ ಹೂಳು ತುಂಬಿತು, ಬಾವಿಗಳು ಬತ್ತಿದವು, ಕೊಳವೆಬಾವಿಗಳು 1,000 ಅಡಿ ದಾಟಿದವು. ಬಂಡೆಯಾಳದಿಂದ ನೀರಿನೊಡನೆ ಫ್ಲೋರೈಡ್ ಕೂಡ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ದೊಡ್ಡವರ ಬೆನ್ನು, ಕೀಲುಗಳು ಬಿಗಿಯುತ್ತವೆ. ಹೆಣ್ಣು ನೋಡಲು ಬಂದವರ ಮುಂದೆ ನಗಲು ಅಂಜುವ ಹುಡುಗಿಗೆ, ಹಲ್ಲುಜ್ಜುವುದಿಲ್ಲವೆಂಬ ಮಾತು ಬೇರೆ! ಅದು ಉಜ್ಜಿದರೆ ಹೋಗುವ ಕಲೆಯಲ್ಲ. ಒಳ್ಳೆಯ ನೀರು ಕೊಟ್ಟು ಬಾರದಂತೆ ತಡೆಯಬಹುದು, ಅಷ್ಟೆ. ನಮ್ಮ ನಲ್ಲಿಗಳಿಗೆ ಕಾವೇರಿ ಬರುತ್ತಾಳೆ. ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆಗೊಂಡು 2018ರಿಂದ ಕೋಲಾರದ ಕೆರೆಗಳನ್ನು ಸೇರುತ್ತಿದೆ.

ಗೋಡಂಬಿ ಎಂದರೆ ಕರಾವಳಿ. ಕನ್ನಡದ ಮಾತು ಕೇಳಿಬರುವ ಕಾಸರಗೋಡಿನ ಎಣ್ಮಕಜೆಯಂಥ ಕಡೆಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿವೆ. ಆ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗೆ ಮನೆ, ಶಾಲೆ, ಕುಡಿಯುವ ನೀರಿನ ಸುರಂಗಗಳಿದ್ದವು. ಏಳಲಾಗದ, ಮಾತು ಬಾರದ ಮಕ್ಕಳು ಮನೆಮನೆಯಲ್ಲಿ ಕಂಡಾಗ, ಸಿಂಪಡಣೆಯೇ ಕಾರಣವೇ ಎಂದು ತಜ್ಞರು ವರ್ಷಗಟ್ಟಲೆ ವಾದಿಸಿದರು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿ, 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಬೆಳೆದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಯ ದುಡಿಮೆ ಅದರಿಂದ ಮುಗಿಯಲಿಲ್ಲ.

ಮೂರು ಕಡೆಯೂ ಕಾಯಿಲೆ ಬಂದದ್ದು ಬೇಸಾಯದ ದಾರಿಯಲ್ಲೇ, ಹಣೆಬರಹದಿಂದಲ್ಲ. ಹಳ್ಳಿ ಬಿಟ್ಟು ಬಂದು ನಮ್ಮ ಮನೆಗಳಲ್ಲಿ ದುಡಿಯುವಾಕೆ ಬೆನ್ನು ಬಗ್ಗುವುದಿಲ್ಲ ಎಂದರೆ "ವಯಸ್ಸಾಯಿತಲ್ಲಮ್ಮ" ಎಂದುಬಿಡುತ್ತೇವೆ. "ನಿಮ್ಮೂರಲ್ಲಿ ಯಾವ ನೀರು ಕುಡೀತಿದ್ರಿ?" ಎಂದು ಮೊದಲು ಕೇಳಬೇಕು, ಡಾಕ್ಟರಿಗೂ ಅದನ್ನು ಹೇಳಬೇಕು.